ಮಂಗ, ಕಿತ್ತಳೆ ಮತ್ತು ಜೀಪಿನ ಸ್ಟೇರಿಂಗ್

ನಂಬಲ್ವಾ? ನಂಬಬೇಡಿ. ಹೆತ್ತೂರು ಬಸ್ ಹತ್ತಿ ಬಂದು ಯಾರನ್ನಾದ್ರೂ ಕೇಳಿ, ಆಮೇಲೆ ನನ್ನ ಮುಂದೆ ನಿಂತು ಸುಳ್ಳು ಅನ್ನಿ ನೋಡೋಣ! ತೋಟ ಕಾಯೋನಿಗೆ ಇಂಥವು ಆಗ್ತಾನೇ ಇರ್ತವೆ. ನನ್ನಂಥ ಗಂಡು ಕಾಯೋಕೆ ನಿಂತರಂತೂ ಇನ್ನೂ ಜೋರಾಗಿ ಆಗ್ತವೆ.

ಆಗ ತೊಂಬತ್ತರ ದಶಕ. ಕಾಫಿ ಎಸ್ಟೇಟೊಂದರಲ್ಲಿ ಹಂದಿ, ಮಂಗ ಓಡಿಸೋ ಕೆಲಸ ನನ್ನದು. ಕಾಫಿ ನಡುವೆ ಕಿತ್ತಳೆ ಗಿಡಗಳು. ಸಾಹುಕಾರರು ಮಾತು ಕೊಟ್ಟಿದ್ದರು: "ಈ ಸಲ ಕಿತ್ತಳೆ ಉಳಿಸ್ಕೊಡು. ಜೀಪಿನ ಸ್ಟೇರಿಂಗ್ ನಿನ್ನ ಕೈಗೆ." ಡ್ರೈವರಣ್ಣನಿಗೆ ವಯಸ್ಸಾಗಿತ್ತು, ಕೆಲಸ ಬಿಡೋನಿದ್ದ. ನಾನೋ, ಜೀಪು ಓಡಿಸೋದಕ್ಕೇ ಹುಟ್ಟಿದೋನು. ಊರಿಗೆಲ್ಲ ಹೇಳ್ಬುಟ್ಟೆ.

ಕೂದಲು ಮೂಟೆ

ಹಂದಿ ನೆಲ ಮೂಸ್ಕೊಂಡೇ ಬರ್ತದೆ. ಮೂಗಿಗೆ ಕೂದಲು ಹೊಕ್ಕರೆ ಮತ್ತೆ ಆ ಕಡೆ ತಲೆ ಹಾಕಲ್ಲ. ಅದಕ್ಕೇ ಬೇಲಿ ಉದ್ದಕ್ಕೂ ತಲೆಗೂದಲು ಉದುರಿಸೋದು ನಮ್ಮ ಕಡೆ ರೂಢಿ. ಸಕಲೇಶಪುರದ ಕಟಿಂಗ್ ಶಾಪುಗಳನ್ನೆಲ್ಲ ಗುಡಿಸಿ, ಮೂಟೆ ಕಟ್ಟಿ ಬಸ್ ಹತ್ತಿದೆ.

"ಏನೋ ಅದು?" ಅಂದ ಕಂಡಕ್ಟರ್.

"ಹಂದಿ ಔಷಧಿ ಸಾರ್."

ಮೊದಲನೇ ತಿರುವಿಗೇ ಮೂಟೆಯ ಬಾಯಿ ಬಿಚ್ಚಿತು. ಕಿಟಕಿ ಗಾಳಿ ಬೇರೆ! ಬಸ್ಸಿಗೆ ಬಸ್ಸೇ ಸೀನತೊಡಗಿತು. ಬೋಳುತಲೆಯ ಮೇಷ್ಟ್ರೊಬ್ಬರು ಇಳಿಯುವಾಗ ತಲೆ ತುಂಬ ಕ್ರಾಪು.

ಅಂದಿನಿಂದ ನಮ್ಮ ತೋಟಕ್ಕೆ ಹಂದಿ ಬರಲಿಲ್ಲ. ನನ್ನನ್ನು ಕಂಡರೆ ಬಸ್ಸೂ ನಿಲ್ಲಲಿಲ್ಲ.

ಸಾಹುಕಾರರ ಕೋಟು

ಹಂದಿ ಆಯ್ತು, ಮಂಗ? ಬೆರ್ಚಪ್ಪನನ್ನು ನಿಲ್ಲಿಸಿದೆ. ಹುಲ್ಲಿನ ಬೊಂಬೆಗೆ ಹರಕು ಅಂಗಿ ಎಲ್ಲರೂ ಹಾಕ್ತಾರೆ. ನಾನು ಹಾಕಿದ್ದು ಸಾಹುಕಾರರ ಹಳೇ ಕೋಟು. ಏನು ಗತ್ತು ಅಂತೀರಿ! ಕಾಫಿ ಕುಯ್ಯೋ ಹೆಂಗಸರು ಹರಟೆ ನಿಲ್ಲಿಸಿದರು. ಲೆಕ್ಕ ಬರೆಯೋ ರೈಟರ್ ಬೀಡಿ ಬಿಸಾಕಿ ದೂರದಿಂದಲೇ ಕೈ ಮುಗಿದ. ಹೆದರದೇ ಇದ್ದಿದ್ದು ಮಂಗಗಳು ಮಾತ್ರ. ವಾರ ಕಳೆಯೋದರೊಳಗೆ ಬೆರ್ಚಪ್ಪನ ಹೆಗಲ ಮೇಲೆ ಕೂತು ಹಣ್ಣು ಸುಲೀತಿದ್ದವು.

ಅದೇ ಹೊತ್ತಿಗೆ ಸಾಹುಕಾರರು ಹೊಸ ಕೋಟು, ಹೊಸ ಟೋಪಿ ಹಾಕ್ಕೊಂಡು ಕಿತ್ತಳೆ ನೋಡೋಕೆ ಬಂದು ಗಿಡದ ಮುಂದೆ ನಿಂತರು. ಒಂದು ಗಡವ ಮಂಗ ನೆಟ್ಟಗೆ ಬಂದು ಅವರ ಹೆಗಲೇರಿ, ಟೋಪಿ ಕಿತ್ತುಕೊಂಡು, ಬೋಳುನೆತ್ತಿ ಮೇಲೆ ಸಿಪ್ಪೆ ಇಟ್ಟಿತು.

"ಅಲ್ಲಾಡಬೇಡಿ ಬುದ್ಧೀ!" ಅಂತ ಕೂಗಿದೆ.

"ಅಲ್ಲಾಡ್ದೆ ನಿಂತಿದ್ದಕ್ಕೇ ಹತ್ತಿದ್ದು ಕಣೋ! ಸ್ಟೇರಿಂಗ್ ಮರ್ತುಬುಡು!"

ಗಡವ ಟೋಪಿ ಸಮೇತ ಪರಾರಿ.

ಕಿತ್ತಳೆ ಲೋಡು

ಮರೆಯೋ ಗಂಡಾ ನಾನು? ಬಾಳೆಹಣ್ಣಿಟ್ಟು ಬೋನಿನಲ್ಲಿ ಇಡೀ ಹಿಂಡನ್ನೇ ಹಿಡಿದೆ. "ಎಡಕುಮೇರಿ ಕಡೆ ದೊಡ್ಡ ಕಾಡಿಗೆ ಬಿಟ್ಟು ಬನ್ನಿ" ಅಂದರು ಸಾಹುಕಾರರು.

"ಅಷ್ಟು ದೂರ ಯಾರು ಹೋಗ್ತಾರೆ ಮಾರಾಯ?" ಅಂದ ಡ್ರೈವರಣ್ಣ. ಬೋನಿಗೆ ಟಾರ್ಪಾಲು ಹೊದಿಸಿ, ಸದ್ದಿಲ್ಲದೆ ಪಕ್ಕದ ಎಸ್ಟೇಟಿನಲ್ಲಿ ಬಿಟ್ಟು ಬಂದೆವು. ಮುಂದಿನ ವಾರ ತೋಟದಲ್ಲಿ ಮತ್ತೆ ಮಂಗ! ಮತ್ತೆ ಹಿಡಿದೆ, ಮತ್ತೆ ಹೊರಟೆವು.

ಕಿರಿದಾದ ತಿರುವಿನಲ್ಲಿ ಪಕ್ಕದ ಎಸ್ಟೇಟಿನ ಜೀಪು ಎದುರಾಯಿತು. ಅದಕ್ಕೂ ಟಾರ್ಪಾಲು.

"ಏನ್ ಲೋಡು?" ಅಂದ ಅವರ ಡ್ರೈವರ್.

"ಕಿತ್ತಳೆ ಕಣಣ್ಣ. ನಿಮ್ದು?" ಅಂದೆ.

"ನಮ್ದೂ ಕಿತ್ತಳೆನೇ."

ಅಷ್ಟರಲ್ಲಿ ಅವನ ಟಾರ್ಪಾಲಿನಿಂದ ಉದ್ದನೆಯ ಬಾಲ ಇಳಿಯಿತು.

"ನಿಮ್ಮ ಕಿತ್ತಳೆಗೆ ಬಾಲ ಐತೆ!"

"ನಿಮ್ದು ಹಲ್ಲು ಕಿರೀತಾ ಐತೆ, ನೋಡ್ಕೋ!"

ಟಾರ್ಪಾಲು ಎತ್ತಿದರೆ, ಅವರ ಬೋನಿನಲ್ಲಿ ಸಾಹುಕಾರರ ಟೋಪಿ ಹಿಡ್ಕೊಂಡು ಕೂತಿದ್ದಾನೆ ಅದೇ ಗಡವ! ಹೋದ ವಾರ ನಾವೇ ಅಲ್ಲಿಗೆ ಬಿಟ್ಟಿದ್ದವನು. ಅವರ ಮಂಗ ನಮ್ಮಲ್ಲಿಗೆ, ನಮ್ಮ ಮಂಗ ಅವರಲ್ಲಿಗೆ. ಇಷ್ಟು ದಿನ ಎರಡು ಎಸ್ಟೇಟಿನವರೂ ಸೇರಿ ಮಂಗಗಳಿಗೆ ನೆಂಟರ ಮನೆ ತೋರಿಸಿದ್ದೆವು.

ಡ್ರೈವರಣ್ಣನಿಗೆ ಸಿಟ್ಟು ನೆತ್ತಿಗೇರಿತು. ರಬ್ಬರ್ ಬುರುಡೆಯ ಹಾರ್ನ್ ಹಿಂಡಿದ ನೋಡಿ: ಪೊಂವ್! ಪೊಂವ್! ಎರಡೂ ಬೋನಿನ ಮಂಗಗಳು ಕಂಗಾಲಾಗಿ, ಬಾಗಿಲು ಮುರಿದು ಕೆಳಗಿನ ಕಾಡಿಗೆ ಹಾರಿ ಹೋಗ್ಬುಟ್ಟವು. ಆಮೇಲೆ ಹಾರ್ನ್ ಕೇಳಿದರೆ ಸಾಕು, ಮಂಗ ಮಾಯ. ಕಿತ್ತಳೆ ಅಷ್ಟೂ ಉಳಿಯಿತು!

ಸಾಹುಕಾರರು ಜೀಪಿನ ಹತ್ತಿರ ಕರೆದರು. ಇಸ್ತ್ರಿ ಅಂಗಿ ಹಾಕ್ಕೊಂಡು, ಎದೆ ಸೆಟೆಸಿ ಹೋದೆ. ಕೂಲಿ ಲೈನಿನವರೆಲ್ಲ ನೋಡ್ತಾ ನಿಂತಿದ್ದರು.

"ಮೆಚ್ಚಿದೆ ಕಣೋ. ಆದ್ರೆ ನಿನ್ನನ್ನ ಜೀಪಲ್ಲಿ ಕೂರಿಸಿದ್ರೆ ಮಂಗ ಓಡ್ಸೋರು ಯಾರು?" ಅಂದು ಸ್ಪ್ಯಾನರ್ ಕೈಗೆತ್ತಿಕೊಂಡರು.

ನನಗೆ ಕೊಟ್ಟಿದ್ದು ಜೀಪಿನ ಹಾರ್ನ್.