ಕೊನೆಯ ದಿನದ ನಲವತ್ತೆರಡು ಮಿಲಿಮೀಟರ್

ಆ ದಿನ ಬೆಳಿಗ್ಗೆ ಮಾಲಿಗೆ ಗುಲಾಬಿ ಗಿಡಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಎಲ್ಲ ಅನಾಹುತಕ್ಕೂ ಅದೇ ಮೂಲ. ಸಂಜೆ ಹವಾಮಾನ ಕಚೇರಿಯ ಅಂಗಳದಲ್ಲಿ ಬೀಳ್ಕೊಡುಗೆ ಸಮಾರಂಭ ಇತ್ತು. ನಾಲ್ಕು ಜನ ಬಂದು ಕೂರುವ ಜಾಗ ಹಸಿರಾಗಿ ಕಾಣಲಿ ಎಂದು ಅವನು ಏಳು ಗಂಟೆಗೇ ಪೈಪು ಹಿಡಿದು ನಿಂತ. ಪೈಪಿನಲ್ಲಿ ಒಂದು ತೂತಿತ್ತು. ತುದಿಯಿಂದ ಬಂದ ನೀರು ಗುಲಾಬಿಗೆ, ತೂತಿನಿಂದ ಚಿಮ್ಮಿದ ನೀರು ಪಕ್ಕದಲ್ಲೇ ನಿಂತಿದ್ದ ಮಳೆಮಾಪಕದ ಬಾಯಿಗೆ. ಅವನು ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೂ ಪಾಪ ಅದಕ್ಕೂ ಬಾಯಾರಿದೆ ಎಂದುಕೊಳ್ಳುತ್ತಿದ್ದ, ಬೇಸಿಗೆ ಹಾಗಿತ್ತು.

ಬೀಳ್ಕೊಡುಗೆ ಮಿಲಿಮೀಟರ್ ಅವರಿಗೆ. ಹೆತ್ತವರು ಬೇರೆ ಹೆಸರು ಇಟ್ಟಿದ್ದರು ನಿಜ. ಆದರೆ ಮೂವತ್ತನಾಲ್ಕು ವರ್ಷ, ಒಂದು ದಿನವೂ ತಪ್ಪದೆ, ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಕಣ್ಣು ಕಿರಿದು ಮಾಡಿ ನೋಡುವ ಮನುಷ್ಯನಿಗೆ ಬೀದಿಯವರು ಇನ್ನೇನೆಂದು ಕರೆದಾರು?

ಮಿಲಿಮೀಟರ್ ಅವರಿಗೆ ನಿವೃತ್ತಿ ಎಂದರೆ ಒಂದೇ ಆಸೆ. ಮೂವತ್ತನಾಲ್ಕು ಮಳೆಗಾಲಗಳನ್ನು ಅಳೆದವರು ಒಂದನ್ನೂ ನೋಡಿರಲಿಲ್ಲ. ವರ್ಷದ ಮೊದಲ ಮಳೆ ಬಂದಾಗಲೆಲ್ಲ ಹೆಂಡತಿ "ರೀ, ಬನ್ನಿ ಇಲ್ಲಿ" ಎಂದು ಬಾಲ್ಕನಿಗೆ ಕರೆಯುತ್ತಿದ್ದರು, ಇವರು ಚಪ್ಪಲಿ ಹುಡುಕಿಕೊಂಡು ಕಚೇರಿಗೆ ಓಡುತ್ತಿದ್ದರು. ಚಳಿ ಇವರಿಗೆ ಒಂದು ಅಂಕಿ, ಸೆಕೆ ಇನ್ನೊಂದು ಅಂಕಿ. ಈ ವರ್ಷ ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಿ, ಮಳೆ ಎಷ್ಟು ಬಂತೆಂದು ಕೇಳದೆ ಸುಮ್ಮನೆ ಕೂರಬೇಕು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಮೊದಲ ಮಳೆಗೆ ಹೆಚ್ಚೆಂದರೆ ಹದಿನೈದು ದಿನ ಬಾಕಿ ಇತ್ತು.

ಕೊನೆಯ ದಿನವೂ ಸರಿಯಾಗಿ ಎಂಟಕ್ಕೆ ಅವರು ಅಂಗಳಕ್ಕಿಳಿದರು. ಮನಸ್ಸೆಲ್ಲ ಸಂಜೆಯ ಭಾಷಣದಲ್ಲಿ. "ಋತುಗಳು ನನ್ನ ಮುಂದೆ ಹಾದು ಹೋದವು, ನಾನು ಅವಕ್ಕೆ ಬರೀ ಅಂಕ ಕೊಟ್ಟೆ" ಎಂಬ ಸಾಲು ಬೆಳಗಿನ ಜಾವ ಹೊಳೆದಿತ್ತು. ಅದನ್ನೇ ಗುನುಗುತ್ತ ನೀರು ಸುರಿದರು, ಗಾಜು ಎತ್ತಿ ಹಿಡಿದರು, ಎಂದಿನಂತೆ ಕಿಟಕಿಯ ಕಡೆಗೆ ತಿರುಗಿ ಕೂಗಿದರು:

"ನಲವತ್ತೆರಡು."

ಕಿಟಕಿಯ ಒಳಗೆ ಕೂತಿದ್ದ ಟೈಪಿಸ್ಟಮ್ಮನಿಗೂ ಇಪ್ಪತ್ತು ವರ್ಷದ ಅಭ್ಯಾಸ. ಕೂಗು ಕಿವಿಗೆ ಬಿದ್ದ ಕೂಡಲೇ ಬೆರಳು ಓಡುತ್ತಿತ್ತು, ತಲೆಗೆ ಕೆಲಸ ಕೊಡುತ್ತಿರಲಿಲ್ಲ. ನಲವತ್ತೆರಡು ಮಿಲಿಮೀಟರ್ ಮಳೆ ಕೇಂದ್ರ ಕಚೇರಿಗೆ ಹೋಗಿಯೇಬಿಟ್ಟಿತು.

ಆಮೇಲೆ ಮಿಲಿಮೀಟರ್ ಅವರು ಮುಖದ ಬೆವರು ಒರೆಸಿಕೊಂಡು ಆಕಾಶ ನೋಡಿದರು. ತೊಳೆದಿಟ್ಟ ತಟ್ಟೆಯ ಹಾಗಿತ್ತು. ಗುಲಾಬಿ ಗಿಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾಲಿ ಪೈಪು ಸುತ್ತುತ್ತಿದ್ದ.

"ಅಮ್ಮಾ, ತಡೀರಿ, ಕಳಿಸ್ಬೇಡಿ."

"ಕಳ್ಸಾಯ್ತಲ್ಲ ಸರ್. ಇವತ್ತು ಒಳ್ಳೆ ಮಳೆ" ಎಂದ ಟೈಪಿಸ್ಟಮ್ಮ, ಹಾಗೆಂದ ಮೇಲೆ ಕಿಟಕಿಯಾಚೆ ನೋಡಿ ಬಾಯಿಗೆ ಕೈ ಇಟ್ಟುಕೊಂಡರು.

ಹತ್ತು ನಿಮಿಷದಲ್ಲಿ ಕೇಂದ್ರ ಕಚೇರಿಯಿಂದ ಫೋನು. ಸುತ್ತ ಮೂವತ್ತು ಮೈಲಿಯಲ್ಲಿ ಎಲ್ಲೂ ಒಂದು ಹನಿ ಇಲ್ಲ, ನಿಮ್ಮಲ್ಲೇನು ವಿಶೇಷ ಎಂದು ದೊಡ್ಡ ಅಧಿಕಾರಿಗಳು ಕೇಳಿದರು. ಸಮಾರಂಭಕ್ಕೆ ಅವರೇ ಮುಖ್ಯ ಅತಿಥಿ. "ಸಂಜೆ ಹೇಗೂ ಬರೋದಿತ್ತು, ಮಧ್ಯಾಹ್ನನೇ ಬರ್ತೀನಿ. ಏನೂ ಮುಟ್ಟಬೇಡಿ" ಎಂದು ಫೋನು ಇಟ್ಟರು.

ಮಿಲಿಮೀಟರ್ ಅವರು ಸೀದಾ ತಮ್ಮ ಸಾಹೇಬರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದರು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಜ ಹೇಳಿದ್ರೆ ತಪ್ಪು ಅಳತೆ. ತಪ್ಪು ಅಳತೆ ಅಂದ್ರೆ ವಿಚಾರಣೆ. ವಿಚಾರಣೆ ಮುಗಿಯೋವರೆಗೂ ನಿಮ್ಮ ಬಿಡುಗಡೆ ಪತ್ರ ನಿಲ್ಲತ್ತೆ. ಹಿಂದೆ ಒಬ್ರು ಕೊನೇ ದಿನ ಥರ್ಮಾಮೀಟರ್ ಒಡೆದು ಎಂಟು ತಿಂಗಳು ಸಹಿ ಹಾಕೋಕೆ ಬಂದ್ರು, ಗೊತ್ತಲ್ಲ?"

"ಗೊತ್ತು ಸರ್."

"ಮಳೆ ಬಂತು ಅಂದ್ರೆ ಬರೀ ಮಳೆ. ಅದಕ್ಕೆ ವಿಚಾರಣೆ ಇಲ್ಲ."

ಮೂವತ್ತನಾಲ್ಕು ವರ್ಷ ಅರ್ಧ ಮಿಲಿಮೀಟರ್ ಸುಳ್ಳು ಬರೆದವರಲ್ಲ ಅವರು. ಆದರೆ ಬಾಲ್ಕನಿಯ ಎರಡು ಕುರ್ಚಿ ಕಣ್ಣಮುಂದೆ ಬಂದವು. "ಬಂತು ಸರ್" ಎಂದರು, ನೆಲ ನೋಡುತ್ತ.

ಮಳೆ ಬಂದಿತ್ತು ಎಂದಮೇಲೆ ಬಂದ ಹಾಗೆ ಕಾಣಬೇಕಲ್ಲ. ಮಾಲಿಗೆ ಮತ್ತೆ ಪೈಪು ಬಿಚ್ಚುವಂತೆ ಅಪ್ಪಣೆಯಾಯಿತು. ಅಂಗಳ, ಮಾಡು, ಸಾಹೇಬರ ಸ್ಕೂಟರು, ಬೀಳ್ಕೊಡುಗೆಗೆ ಜೋಡಿಸಿಟ್ಟಿದ್ದ ಕುರ್ಚಿಗಳು, ಎಲ್ಲಕ್ಕೂ ನೀರು ಬಿತ್ತು. ಟೈಪಿಸ್ಟಮ್ಮ ಮನೆಯಿಂದ ಕೊಡೆ ತರಿಸಿ, ಒದ್ದೆ ಮಾಡಿ, ಬಾಗಿಲ ಬಳಿ ಬಿಚ್ಚಿಟ್ಟರು. ಬಿಸಿಲು ಮಾತ್ರ ಒಂದು ಕಡೆಯಿಂದ ಒಣಗಿಸುತ್ತಲೇ ಬಂತು. ಮಾಲಿ ಇನ್ನೊಂದು ಕಡೆಯಿಂದ ಓಡಿ ಓಡಿ ನೆನೆಸಿದ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಗುಲಾಬಿಯನ್ನು ಕಂಡರೆ ಆಗದಂತಾಗಿತ್ತು.

ಇಷ್ಟಾಗುವಾಗ ಕಾಂಪೌಂಡಿನ ಆಚೆ ಮನೆಯ ನಿವೃತ್ತ ಮೇಷ್ಟ್ರು ಸುಮ್ಮನಿರುವುದುಂಟೆ? ಬೀದಿಯಲ್ಲಿ ಏನೇ ನಡೆದರೂ ಅವರದು ಒಂದು ಪಾಲು ಇರಲೇಬೇಕು. ಗೋಡೆಯ ಮೇಲಿಂದ ತಲೆ ಹಾಕಿ ವಿಷಯ ಕೇಳಿಕೊಂಡರು.

"ನನ್ನ ಸಾಕ್ಷಿ ಇದೆ ಬಿಡಿ" ಎಂದರು. "ತಂತಿ ಮೇಲಿನ ಬಟ್ಟೆ ನೆನೆಸಿ ಇಡ್ತೀನಿ. ನೀವು ಬಾಯಿ ಬಿಡ್ಬೇಡಿ. ನಿಮ್ಮ ಮುಖ ನೋಡಿದ್ರೆ ಸುಳ್ಳು ಅಂತ ಮಗುಗೂ ಗೊತ್ತಾಗತ್ತೆ."

"ಮೇಷ್ಟ್ರೇ, ಜಾಸ್ತಿ ಹೇಳೋಕೆ ಹೋಗ್ಬೇಡಿ."

"ನಾನ್ಯಾಕ್ರೀ ಜಾಸ್ತಿ ಹೇಳ್ಲಿ."

ಮೂರು ಗಂಟೆಗೆ ದೊಡ್ಡ ಅಧಿಕಾರಿಗಳು ಬಂದಿಳಿದರು. ರಸ್ತೆಯಲ್ಲಿ ಧೂಳು, ಗೇಟಿನೊಳಗೆ ಕೆಸರು. ಅವರ ಬೂಟು ಕಾಲು ಇಟ್ಟಲ್ಲೇ ಹೂತಿತು. ಅವರು ಅದನ್ನು ಎಳೆದುಕೊಂಡು ಗೋಡೆ ಮುಟ್ಟಿದರು, ಮಾಡು ನೋಡಿದರು, ಕೊಡೆಯನ್ನು ಮೂಸಿದರು. ಮಾತಾಡಲಿಲ್ಲ.

ಆ ಮೌನವನ್ನು ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಏನು ಮಳೆ ಸ್ವಾಮಿ" ಎಂದು ಗೋಡೆಯಾಚೆಯಿಂದ ಶುರು ಮಾಡಿದರು. "ಈ ಕಾಂಪೌಂಡು ಮತ್ತೆ ನನ್ನ ಬಟ್ಟೆ ತಂತಿ, ಅಷ್ಟೇ. ಗೆರೆ ಎಳೆದ ಹಾಗೆ. ಆಲಿಕಲ್ಲೂ ಬಿತ್ತು."

ಮಿಲಿಮೀಟರ್ ಅವರು ಸಾಕು ಎಂದು ಕೈಸನ್ನೆ ಮಾಡಿದರು.

"ಆಲಿಕಲ್ಲು ಯಾರಾದ್ರೂ ಎತ್ತಿಟ್ಟಿದ್ದೀರಾ?" ಅಧಿಕಾರಿಗಳು ತಟ್ಟನೆ ಕೇಳಿದರು.

ಟೈಪಿಸ್ಟಮ್ಮ ಒಳಗೆ ಹೋಗಿ, ಅತಿಥಿಗಳ ಶರಬತ್ತಿಗೆಂದು ಫ್ರಿಜ್ಜಿನಲ್ಲಿಟ್ಟಿದ್ದ ಐಸು ಒಂದು ಬಟ್ಟಲು ತಂದರು. ತುಂಡುಗಳೆಲ್ಲ ಅಚ್ಚುಕಟ್ಟಾಗಿ ಚೌಕಾಕಾರ.

ಅಧಿಕಾರಿಗಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಚೌಕ" ಎಂದರು ಮೆಲ್ಲಗೆ.

ಮುಗಿಯಿತು ಎಂದುಕೊಂಡರು ಮಿಲಿಮೀಟರ್. ಆದರೆ ಅಧಿಕಾರಿಗಳ ಕಣ್ಣಲ್ಲಿ ನೀರಾಡುತ್ತಿತ್ತು.

"ನನ್ನ ಇಡೀ ಸರ್ವೀಸಿನಲ್ಲಿ ಇಂಥದ್ದು ಕಂಡಿಲ್ಲ ಕಣ್ರೀ. ಒಂದೇ ಅಂಗಳಕ್ಕೆ ಮಳೆ, ಚೌಕದ ಆಲಿಕಲ್ಲು. ಇದನ್ನ ಅಧ್ಯಯನ ಮಾಡಲೇಬೇಕು. ಕಣ್ಣಾರೆ ಅಳೆದವರು ನೀವೊಬ್ರೇ. ನಿಮ್ಮನ್ನ ಹೇಗೆ ಬಿಡ್ಲಿ? ಒಂದು ವರ್ಷ ಸೇವೆ ಮುಂದುವರಿಸ್ತಿದ್ದೀನಿ."

ಸಾಹೇಬರು ಕಣ್ಸನ್ನೆ ಮಾಡುತ್ತಿದ್ದರೂ ಲೆಕ್ಕಿಸದೆ ಮಿಲಿಮೀಟರ್ ಅವರು ಮುಂದೆ ಬಂದರು.

"ಸರ್, ಅದು ಮಳೆ ಅಲ್ಲ. ಪೈಪಿನ ನೀರು. ಪೈಪಲ್ಲಿ ತೂತಿದೆ. ಇದು ಫ್ರಿಜ್ಜಿನ ಐಸು. ನಾನು ಸುಳ್ಳು ಹೇಳ್ದೆ."

ಅಧಿಕಾರಿಗಳು ಅವರ ಹೆಗಲ ಮೇಲೆ ಕೈ ಇಟ್ಟು ನಕ್ಕರು. "ಮನೆಗೆ ಹೋಗೋ ಆಸೆ ನಂಗೂ ಅರ್ಥ ಆಗತ್ತೆ. ಅದಕ್ಕೋಸ್ಕರ ಸುಳ್ಳು ಹೇಳ್ಬೇಡಿ. ಮೂವತ್ತನಾಲ್ಕು ವರ್ಷದ ನಿಮ್ಮ ಪುಸ್ತಕ ನೋಡಿದ್ದೀನಿ, ಒಂದು ಚುಕ್ಕೆ ತಪ್ಪಿಲ್ಲ. ಏನು ಮೇಷ್ಟ್ರೇ?"

"ಬೇಕಾದ್ರೆ ಆಣೆ ಮಾಡ್ತೀನಿ ಸ್ವಾಮಿ. ನಾನೇ ನೆನೆದಿದ್ದೀನಿ" ಎಂದರು ಮೇಷ್ಟ್ರು.

ಅಧಿಕಾರಿಗಳು ಅಲ್ಲೇ ಒದ್ದೆ ಕುರ್ಚಿಯ ಮೇಲೆ ಕೂತು ಆದೇಶ ಬರೆದರು. ಕೊನೆಗೆ ಒಂದು ಸಾಲು ಸೇರಿಸಿದರು: ಇಂಥ ಮಳೆ ಮತ್ತೊಮ್ಮೆ ಬಿದ್ದಲ್ಲಿ, ಬಿದ್ದ ದಿನದಿಂದ ಇನ್ನೊಂದು ವರ್ಷ.

ಸಮಾರಂಭಕ್ಕೆ ತಂದ ಉಡುಗೊರೆಯನ್ನು ಏನು ಮಾಡುವುದೆಂದು ತಿಳಿಯದೆ ಸಹೋದ್ಯೋಗಿಗಳು ಅದನ್ನೂ ಕೊಟ್ಟರು. ಮಡಚುವ ಆರಾಮ ಕುರ್ಚಿ. ಮಿಲಿಮೀಟರ್ ಅವರು ಅದನ್ನು ಹೊತ್ತುಕೊಂಡು ಮನೆಗೆ ಹೋದರು. ಬಾಗಿಲು ತೆಗೆದ ಹೆಂಡತಿ ಕುರ್ಚಿ ನೋಡಿದರು, ಗಂಡನ ಮುಖ ನೋಡಿದರು. ಕತೆಯೆಲ್ಲ ಕೇಳಿದ ಮೇಲೆ ಕುರ್ಚಿಯನ್ನು ಇಸಿದುಕೊಂಡು ಗೋಡೆಗೆ ಒರಗಿಸಿಟ್ಟರು.

"ಬಾಲ್ಕನಿಲಿ ನಾನೊಬ್ಳೇ ಕೂತ್ಕೋತೀನಿ ಬಿಡಿ" ಎಂದರು. "ಅಭ್ಯಾಸ ಇದೆಯಲ್ಲ."

ಆ ಮಾತು ಮಿಲಿಮೀಟರ್ ಅವರಿಗೆ ಚುಚ್ಚಿತು. ಬರುವ ವರ್ಷವನ್ನಾದರೂ ಉಳಿಸಿಕೊಳ್ಳಲೇಬೇಕೆಂದು ಅವರು ಆಗಲೇ ನಿಶ್ಚಯಿಸಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಬರಬೇಕಾದವರು ಆರಕ್ಕೇ ಬಂದರು. ಆರಾಮ ಕುರ್ಚಿಯನ್ನು ಬಿಡಿಸಿ ಮಳೆಮಾಪಕದ ಪಕ್ಕಕ್ಕೇ ಹಾಕಿದರು. ಕೊಡೆ ಅಡ್ಡ ಹಿಡಿದು ಕಾವಲು ಕೂತರು. ಇನ್ನು ಮೂರೂ ಕಾಲ ಅಲ್ಲೇ ಕೂರುವುದು, ಮಳೆಮಾಪಕಕ್ಕೆ ಮಳೆ ಬಿಟ್ಟು ಬೇರೆ ಒಂದು ಹನಿ ಬೀಳದ ಹಾಗೆ ನೋಡಿಕೊಳ್ಳುವುದು.

ಏಳು ಗಂಟೆಗೆ ಮಾಲಿ ಬಂದ. ಹೆಗಲ ಮೇಲೆ ಹೊಸ ಪೈಪು.

"ದೊಡ್ಡ ಸಾಹೇಬರು ನಿನ್ನೆ ಕೊಡಿಸಿ ಹೋದ್ರು ಸರ್. ಮಳೆ ಬಿದ್ದ ಅಂಗಳ, ಒಣಗೋಕೆ ಬಿಡ್ಬೇಡ, ದಿನಾ ನೀರು ಬಿಡು ಅಂದ್ರು" ಎಂದ ಅವನು, ನಲ್ಲಿಯ ಕಡೆಗೆ ನಡೆಯುತ್ತ. "ಸ್ವಲ್ಪ ಆ ಕಡೆ ಸರೀತೀರಾ?"