ಕಾಲು ಪರ್ಸೆಂಟ್‌ನವರಿಗೊಂದು ಬಿನ್ನಹ

ಷಾರ್ಲೆಟ್, ನಾರ್ತ್ ಕ್ಯಾರೊಲೈನಾ
ಆಗಸ್ಟ್ ೧೩, ೨೦೦೭

ಗೆ,
ಶ್ರೀಮಾನ್ ಕಾಲು ಪರ್ಸೆಂಟ್‌ನವರು,
ಶೇಕಡಾ ಐದಕ್ಕೂ ಐದೂಕಾಲಿಗೂ ನಡುವಣ ಓಣಿ,
ಸದ್ಯದ ಮೊಕ್ಕಾಂ: ನಮ್ಮ ಮನೆ, ಬ್ಯಾಲಂಟೈನ್.

ಮಾನ್ಯರೇ,

ಬಡ್ಡಿಲೋಕದ ಕಿರಿಯ ಕುಡಿಯೂ ನಮ್ಮ ಯಜಮಾನರ ಪ್ರಾಣಮಿತ್ರರೂ ಆದ ತಮಗೆ ಮೊದಲು ಪಾದಾಭಿವಂದನೆಗಳು. ತಮ್ಮ ಹೆಸರೇ ಕಾಲು ಆಗಿರುವುದರಿಂದ ಪಾದ ಎಲ್ಲಿದೆಯೆಂದು ಹುಡುಕುವ ತೊಂದರೆ ನನಗಿಲ್ಲ. ತಾವು ನಮ್ಮ ಮನೆಗೆ ಕಾಲಿಟ್ಟು ಹತ್ತು ತಿಂಗಳಾದರೂ ಒಮ್ಮೆಯೂ ಕ್ಷೇಮ ವಿಚಾರಿಸದೆ ಇದ್ದುದಕ್ಕೆ ಕ್ಷಮೆಯಿರಲಿ. ನನ್ನ ಹೆಸರು ಇಂದು. ತಮ್ಮನ್ನು ಕರೆತಂದ ರಘುಪತಿಯವರ ಹೆಂಡತಿ. ಮದುವೆಗೆ ಮೊದಲು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಐದು ವರ್ಷ ಗಣಿತ ಕಲಿಸಿದವಳಾದ್ದರಿಂದ ತಮ್ಮ ಮನೆತನದ ಸರಳಬಡ್ಡಿ, ಚಕ್ರಬಡ್ಡಿಯವರೆಲ್ಲ ನನಗೆ ಹಳೆಯ ಪರಿಚಯ.

ತಾವು ಬಂದ ಬಗೆ ತಮಗೆ ಮರೆತಿರಬಹುದು, ನೆನಪಿಸುತ್ತೇನೆ. ನಾನು ಈ ದೇಶದಲ್ಲಿ ಮತ್ತೆ ಪಾಠ ಮಾಡಬೇಕಾದರೆ ಇಲ್ಲಿಯ ಯೂನಿವರ್ಸಿಟಿಯಲ್ಲಿ ಎರಡು ವರ್ಷದ ಶಿಕ್ಷಕರ ಕೋರ್ಸು ಮುಗಿಸಿ ಲೈಸೆನ್ಸ್ ಪಡೆಯಬೇಕು. ಅದಕ್ಕೆಂದು ನಮ್ಮ ಯಜಮಾನರು ಬಂದ ವರ್ಷದಿಂದ ತಿಂಗಳಿಗೆ ನೂರೈವತ್ತು ಡಾಲರು ತಪ್ಪದೆ ಎತ್ತಿಟ್ಟು, ಆರೂವರೆ ವರ್ಷದಲ್ಲಿ ಬಡ್ಡಿಯೂ ಸೇರಿ ಹನ್ನೆರಡು ಸಾವಿರ ಕೂಡಿಸಿದರು. ಕಾರು ಕೆಟ್ಟಾಗಲೂ ಆ ದುಡ್ಡನ್ನು ಮುಟ್ಟಲಿಲ್ಲ. ಕಂಪ್ಯೂಟರಿನ ಲೆಕ್ಕದ ಶೀಟಿನಲ್ಲಿ ಅದಕ್ಕೆ ಅವರೇ 'ಇಂದು ಓದು' ಎಂದು ಹೆಸರಿಟ್ಟರು. ಹೀಗೆ ಹೆಂಡತಿಯ ಓದಿಗೆ ದುಡ್ಡು ಕೂಡಿಡುವ ಗಂಡ ಸಿಕ್ಕಿದ್ದು ನನ್ನ ಅದೃಷ್ಟವೆಂದೇ ನಂಬಿದ್ದೆ, ಈಗಲೂ ನಂಬಿದ್ದೇನೆ.

ಆದರೆ ಕಳೆದ ವರ್ಷ ಅದೇ ಶೀಟಿನಲ್ಲಿ ಇಪ್ಪತ್ತಮೂರು ಬ್ಯಾಂಕುಗಳ ಬಡ್ಡಿದರಗಳು ಸಾಲಾಗಿ ಬಂದು ಕುಳಿತವು. ಜಾರ್ಜಿಯಾದ ಕಮ್ಮಿಂಗ್‌ನಿಂದ ಅವರ ಗೆಳೆಯ ಗೋಪಿನಾಥ್ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಬೇರೆಯವರು ಮಕ್ಕಳು ಹೇಗಿದ್ದಾರೆಂದು ಕೇಳುವ ಜಾಗದಲ್ಲಿ ಇವರಿಬ್ಬರೂ ಆ ವಾರದ ದರ ಹೇಗಿದೆಯೆಂದು ವಿಚಾರಿಸಿಕೊಳ್ಳುತ್ತಾರೆ. ಅಂಥ ಒಂದು ಭಾನುವಾರವೇ ತಮ್ಮ ಸುದ್ದಿ ಬಂದದ್ದು. ನಮ್ಮ ಯಜಮಾನರು ಅಡುಗೆಮನೆಗೆ ಬಂದು, "ಇಂದು, ಇಲ್ಲಿ ಆನ್‌ಲೈನ್ ಬ್ಯಾಂಕು ಫೈವ್ ಪರ್ಸೆಂಟ್ ಕೊಡತ್ತೆ, ಊರಲ್ಲಿ ಡಾಲರ್ ಡಿಪಾಸಿಟ್‌ಗೆ ಫೈವ್ ಅಂಡ್ ಎ ಕ್ವಾರ್ಟರ್. ಅದೂ ಟ್ಯಾಕ್ಸ್ ಫ್ರೀ ಕಣೇ. ಸುಮ್ನೆ ಬಿಡೋಕಾಗತ್ತಾ?" ಎಂದರು. ಮಗಳು ಹುಟ್ಟಿದ ದಿನ ಇದ್ದ ಕಳೆಯೇ ಮುಖದಲ್ಲಿತ್ತು. ಶೀಟಿನಲ್ಲಿ ತಮ್ಮ ಸಾಲಿಗೆ ಹಳದಿ ಬಣ್ಣ ಬಂತು, ಹಣ ನಮ್ಮಿಬ್ಬರ ಹೆಸರಿನಲ್ಲಿ ಮೂರು ವರ್ಷದ ಎನ್ನಾರೈ ಠೇವಣಿಯಾಗಿ ಮೈಸೂರಿಗೆ ಹೋಯಿತು.

ತಮ್ಮ ಔದಾರ್ಯವನ್ನು ಲೆಕ್ಕದ ಟೀಚರಾಗಿ ನಾನು ಕೊಂಡಾಡಲೇಬೇಕು. ಹನ್ನೆರಡು ಸಾವಿರಕ್ಕೆ ತಾವು ವರ್ಷಕ್ಕೆ ದಯಪಾಲಿಸುವುದು ಮೂವತ್ತು ಡಾಲರು. ತಮ್ಮನ್ನು ಬರಮಾಡಿಕೊಳ್ಳಲು ನಮ್ಮ ಯಜಮಾನರು ಆಫೀಸಿಗೆ ಹೊರಡುವ ಮುನ್ನ ಮೈಸೂರಿನ ಬ್ಯಾಂಕಿಗೆ ಫೋನ್ ಮಾಡಿ ಮುಗಿಸಿದ್ದು ಐದೈದು ಡಾಲರಿನ ಎಂಟು ಕಾಲಿಂಗ್ ಕಾರ್ಡು. ಬ್ಯಾಂಕಿನವರು ಕಳಿಸಿದ ಫಾರ್ಮು ತುಂಬಿ, ಸಹಿ ಹೊಂದಲಿಲ್ಲವೆಂದು ಅದು ಹಿಂದಿರುಗಿ ಬಂದು, ಮತ್ತೆ ಕಳಿಸಿದ್ದಕ್ಕೆ ಕೊರಿಯರಿನವರು ತೆಗೆದುಕೊಂಡದ್ದು ಅರವತ್ತೆರಡು ಡಾಲರು. ಅತಿಥಿಗೆ ಕಾಲು ತೊಳೆಯಲು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಬರೀ ಕಾಲೊಂದೇ ಅತಿಥಿಯಾಗಿ ಬಂದಾಗ ಇಷ್ಟು ಖರ್ಚಾಗುವುದೆಂದು ನಮಗೆ ಯಾರೂ ಹೇಳಿರಲಿಲ್ಲ.

ಇನ್ನು ತಮ್ಮ ಕೊರಳಲ್ಲಿದ್ದ 'ಟ್ಯಾಕ್ಸ್ ಫ್ರೀ' ಎಂಬ ಸರದ ವಿಷಯ. ಮಾರ್ಚಿನಲ್ಲಿ ನಮ್ಮ ಕಡೆಯವರ ತೆರಿಗೆ ಕಾಗದ ಮಾಡಿಕೊಡುವ ವೇಣುಗೋಪಾಲ ಅಂಕಲ್ ಹತ್ತಿರ ಹೋದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಟ್ಯಾಕ್ಸ್ ಫ್ರೀ, ಕರೆಕ್ಟೇ ರಘು. ಆದ್ರೆ ಅಲ್ಲಿ. ನೀನಿರೋದು ಇಲ್ಲಿ ಅಲ್ವೇನಪ್ಪ?" ಎಂದರು. ಊರಿನ ಸರ್ಕಾರ ತಮ್ಮನ್ನು ಮುಟ್ಟುವುದಿಲ್ಲವಂತೆ, ಈ ಸರ್ಕಾರ ತಾವು ಭೂಲೋಕದಲ್ಲಿ ಎಲ್ಲಿ ಹುಟ್ಟಿದರೂ ಪಾಲು ಕೇಳುವುದಂತೆ. ಹೊರದೇಶದಲ್ಲಿಟ್ಟ ಮೊತ್ತ ಹತ್ತು ಸಾವಿರ ದಾಟಿದ್ದರಿಂದ ಬೇರೆಯದೊಂದು ಫಾರ್ಮನ್ನೂ ತುಂಬಿದೆವು.

ಇಷ್ಟಾದರೂ ನಾನು ತಮ್ಮ ಮೇಲೆ ಮುನಿಸಿಕೊಂಡಿರಲಿಲ್ಲ. ಜುಲೈ ಮೊದಲ ವಾರ ಯೂನಿವರ್ಸಿಟಿಯಿಂದ ಕಾಗದ ಬಂತು: ಸೀಟು ಸಿಕ್ಕಿದೆ, ಆಗಸ್ಟ್ ಹದಿನೈದರೊಳಗೆ ಫೀಸು ಕಟ್ಟದಿದ್ದರೆ ಬೇರೆಯವರಿಗೆ ಹೋಗುತ್ತದೆ, ಕೋರ್ಸು ಶುರುವಾಗುವುದು ವರ್ಷಕ್ಕೊಂದೇ ಸಲ. ಸಂಬಳವೆಲ್ಲ ಮನೆಯ ಸಾಲಕ್ಕೆ ಹೋಗುವುದರಿಂದ ನಮಗಿದ್ದದ್ದು ಆ ಠೇವಣಿಯೊಂದೇ. ಒಂದು ವರ್ಷ ತುಂಬುವ ಮೊದಲು ಅದನ್ನು ಮುರಿದರೆ ಬಡ್ಡಿ ಒಂದು ಸೆಂಟೂ ಇಲ್ಲ. ನಮ್ಮ ಯಜಮಾನರು ಶೀಟು ತೆರೆದು ಸುಮಾರು ಹೊತ್ತು ನೋಡಿ, "ಅಕ್ಟೋಬರ್‌ಗೆ ಒನ್ ಇಯರ್ ಆಗತ್ತೆ. ನೆಕ್ಸ್ಟ್ ಇಯರ್ ಸೇರ್ಕೋ, ಏನಾಗತ್ತೆ?" ಎಂದರು.

ಮಾನ್ಯರೇ, ಆ ಮಾತಿನಿಂದ ನನಗೆ ನೋವಾಯಿತು. ಅವರು ಜಿಪುಣರಲ್ಲ, ನನ್ನ ಓದು ಬೇಡವೆಂದವರೂ ಅಲ್ಲ. ತಮ್ಮ ಮುಖ ನೋಡಿ ನನ್ನ ಮುಖ ನೋಡುವುದನ್ನು ಮರೆತರು, ಅಷ್ಟೇ. ಏಳು ವರ್ಷದಿಂದ ನಾನು ಕರಿಹಲಗೆಯ ಮುಂದೆ ನಿಂತಿಲ್ಲ. ಎಂಟನೆಯದನ್ನೂ ತಮಗೆ ಕಾಣಿಕೆಯಾಗಿ ಕೊಡಬೇಕೆಂದಾಗ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳನ್ನಿಡೋಣವೆನ್ನಿಸಿತು; ಅಂದು ಮನಸ್ಸಿನಲ್ಲೇ ಬರೆದುಕೊಂಡದ್ದು ಹೀಗೆ. ದಯವಿಟ್ಟು ಹದಿನೈದರೊಳಗೆ ತಾವೇ ಖುದ್ದಾಗಿ ಯೂನಿವರ್ಸಿಟಿಯ ಕೌಂಟರಿಗೆ ನಡೆದು ಹೋಗಿ ನನ್ನ ಫೀಸು ಕಟ್ಟತಕ್ಕದ್ದು. ಒಂಟಿಕಾಲಿನಲ್ಲಿ ನಡೆಯುವುದು ಕಷ್ಟವಾದರೆ ಕಾರಿನಲ್ಲಿ ನಾನೇ ಬಿಡುತ್ತೇನೆ. ಅದಾಗದಿದ್ದರೆ ನನ್ನ ವಯಸ್ಸನ್ನೂ ಒಂದು ವರ್ಷದ ಠೇವಣಿಯಲ್ಲಿಟ್ಟು, ಅವಧಿ ಮುಗಿದ ಮೇಲೆ ಒಂದು ದಿನವೂ ಹೆಚ್ಚಾಗದಂತೆ ಹಿಂದಿರುಗಿಸತಕ್ಕದ್ದು. ಅದೂ ಆಗದಿದ್ದರೆ ಕೊನೇಪಕ್ಷ ಭಾನುವಾರಗಳಂದು ಗೋಪಿನಾಥರ ಫೋನನ್ನು ತಾವೇ ಎತ್ತತಕ್ಕದ್ದು.

ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರಿಂದ ಠೇವಣಿಯ ಫಾರ್ಮಿನ ನಕಲನ್ನು ನಾನೇ ತೆಗೆದು ಓದಿದೆ. ದರ ಇಳಿಯುವುದರೊಳಗೆ ತಮ್ಮನ್ನು ಹಿಡಿಯಬೇಕೆಂಬ ಆತುರದಲ್ಲಿ ನಮ್ಮ ಯಜಮಾನರು ಸಿಕ್ಕ ಚೌಕಕ್ಕೆಲ್ಲ ಟಿಕ್ ಹಾಕಿದ್ದರು. ಅದರಲ್ಲೊಂದು, ಅವಧಿಗೆ ಮೊದಲು ಮುರಿಯಲು ಇಬ್ಬರಲ್ಲಿ ಯಾರಾದರೊಬ್ಬರ ಸಹಿ ಸಾಕು ಎಂಬುದು. ಹಾಗೆಂದು ಕದ್ದುಮುಚ್ಚಿ ಮಾಡಲಿಲ್ಲ. ಠೇವಣಿ ಮುರಿಯಿರೆಂದು ಬ್ಯಾಂಕಿಗೆ ಕಾಗದ ಬರೆದು, ಸಹಿ ಹಾಕಿ ಅವರ ಮುಂದಿಟ್ಟು, ಶೀಟಿನಲ್ಲಿ ಅವರೇ ಇಟ್ಟ ಹೆಸರನ್ನು ಗಟ್ಟಿಯಾಗಿ ಓದಿದೆ. 'ಇಂದು ಓದು' ಎಂದಿದೆಯೇ ಹೊರತು 'ಮುಂದಿನ ವರ್ಷ ಓದು' ಎಂದಿಲ್ಲವಲ್ಲ ಎಂದೆ. ತಮ್ಮ ಸಾಲಿನ ಹಳದಿ ಬಣ್ಣವನ್ನು ಅವರೇ ಅಳಿಸಿ, ಆಫೀಸಿನಿಂದ ಫ್ಯಾಕ್ಸ್ ಮಾಡುತ್ತೇನೆಂದು ಕಾಗದವನ್ನು ಚೀಲದಲ್ಲಿಟ್ಟುಕೊಂಡರು.

ಹಣ ಇವತ್ತು ಬೆಳಿಗ್ಗೆ ಬಂದಿದೆ, ಮಧ್ಯಾಹ್ನ ಫೀಸು ಕಟ್ಟಿದೆ. ಹತ್ತು ತಿಂಗಳ ಬಡ್ಡಿ, ಐನೂರಕ್ಕೂ ಮಿಕ್ಕ ಡಾಲರು, ಹೋಯಿತು; ಅದು ನನಗೂ ಸಂಕಟವೇ. ಉಳಿದ ಹಣ ಎರಡನೆಯ ವರ್ಷಕ್ಕೆಂದು ಮನೆಯ ಹತ್ತಿರದ ಬ್ಯಾಂಕಿನಲ್ಲಿ ಸಾಧಾರಣ ದರದಲ್ಲಿ ತಣ್ಣಗೆ ಕುಳಿತಿದೆ. ಆದ್ದರಿಂದ ತಾವು ನಮ್ಮ ಮನೆಯಿಂದ ದಯಮಾಡಿ ಕಾಲ್ತೆಗೆಯಬೇಕಾಗಿ ವಿನಂತಿ. ಕಮ್ಮಿಂಗ್‌ನಲ್ಲಿ ಗೋಪಿನಾಥರ ಮನೆಯಲ್ಲಿ ತಮಗೆ ಕೊಠಡಿ ಸಿದ್ಧವಾಗಿದೆಯೆಂದು ಕೇಳಿದ್ದೇನೆ.

ತಮ್ಮ ಉಪಕಾರವನ್ನು ಎರಡು ದಶಮಾಂಶ ಸ್ಥಾನದವರೆಗೂ ಮರೆಯದ,

ತಮ್ಮ ವಿಶ್ವಾಸಿ,
ಇಂದು ರಘುಪತಿ

ತಾ.ಕ.: ಈ ಪತ್ರದ ಕರಡನ್ನು ನಮ್ಮ ಯಜಮಾನರಿಗೆ ಓದಲು ಕೊಟ್ಟಿದ್ದೆ. ತಮ್ಮ ಬಗ್ಗೆ, ಅವರ ಬಗ್ಗೆ ಬರೆದದ್ದಕ್ಕೆಲ್ಲ ಅವರ ಆಕ್ಷೇಪಣೆ ಏನೂ ಇಲ್ಲ. ತಾವು ವರ್ಷಕ್ಕೆ ಕೊಡುವುದು ಮೂವತ್ತು ಡಾಲರಲ್ಲ, ಆರು ತಿಂಗಳಿಗೊಮ್ಮೆಯ ಚಕ್ರಬಡ್ಡಿ ಸೇರಿಸಿದರೆ ಮೂವತ್ತು ಡಾಲರು ಎಪ್ಪತ್ತೇಳು ಸೆಂಟು ಎಂದು ಅಂಚಿನಲ್ಲಿ ತಿದ್ದಿದ್ದಾರೆ. ಲೆಕ್ಕ ಮಾಡಿ ನೋಡಿದೆ, ಸರಿಯಾಗಿದೆ, ಆದರೆ ತೆರಿಗೆ ಕಳೆಯುವುದನ್ನು ಈಗಲೂ ಮರೆತಿದ್ದಾರೆ. ಏಳು ವರ್ಷದ ಮೇಲೆ ಮೊದಲ ಸಲ ಕೆಂಪು ಪೆನ್ನು ತೆಗೆದು, ಉತ್ತರಕ್ಕೆ ಸುತ್ತು ಹಾಕಿ, ಕಾಲು ಮಾರ್ಕು ಕಳೆದಿದ್ದೇನೆ.