ಕಾಲು ಮುಖ್ಯವೋ, ಕಿವಿ ಮುಖ್ಯವೋ

ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ತೂಕ-ಅಳತೆ ಕಚೇರಿಯ ಸಾಹೇಬರು ಊಟದ ಬಿಡುವಿನಲ್ಲಿ ತಮ್ಮ ನಾಯಿಯ ವಂಶಾವಳಿ ಹೊಗಳಿಕೊಳ್ಳುತ್ತಿದ್ದಾಗ, ಗುಮಾಸ್ತ ತಲೆಯಾಡಿಸಿ, ಡಬ್ಬಿ ಮುಚ್ಚಿಕೊಂಡು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. "ನಮ್ಮದೂ ಅದೇ ತಳಿ ಸರ್. ಸರ್ಟಿಫಿಕೇಟ್ ಇದೆ" ಎಂದುಬಿಟ್ಟ.

ಬಾಯಿಗೆ ಹೊರಟಿದ್ದ ಸಾಹೇಬರ ಚಮಚ ಅಲ್ಲೇ ನಿಂತಿತು. "ಯಾವ ಮಂಡಳಿದು?"

"ಅಖಿಲ ಪ್ರಪಂಚ ಶುದ್ಧ ಶ್ವಾನ ಮಂಡಳಿದು ಸರ್."

"ನಮ್ಮದೂ ಅದೇ ರೀ. ಹಾಗಾದ್ರೆ ನೀವು ನಾವು ನೆಂಟರಾದ್ವಿ. ಭಾನುವಾರ ಸಂಜೆ ಮನೆಗೆ ಕರ್ಕೊಂಡು ಬನ್ನಿ. ಆಫೀಸಿನೋರೆಲ್ಲ ಬರ್ಲಿ. ಶುದ್ಧ ತಳಿ ಅಂದ್ರೇನು ಅಂತ ಕಣ್ಣಾರೆ ನೋಡ್ಲಿ."

ಭಾನುವಾರ ಬೆಳಿಗ್ಗೆ ಗುಮಾಸ್ತ ಅಂಗಳದಲ್ಲಿ ಕೂತು ನಾಯಿಗೆ ಸೋಪು ಹಚ್ಚುತ್ತಿದ್ದ. ಮನೆಗೆ ಬಂದ ದಿನ ಮರಿ ಎಂದು ಕರೆದದ್ದೇ ಅದರ ಹೆಸರಾಗಿ ನಿಂತಿತ್ತು. ಸರ್ಟಿಫಿಕೇಟಿನಲ್ಲಿ ತಳಿಯ ಹೆಸರು ಮೂರು ಪದದ್ದು, ನಡುವಿನದು ಅವನ ನಾಲಿಗೆಗೆ ಇನ್ನೂ ಒಗ್ಗಿರಲಿಲ್ಲ. ಮಹಡಿಯ ಮೇಲಿನ ಡ್ರಿಲ್ ಮೇಷ್ಟ್ರು ಕಟಕಟೆಯಿಂದ ಬಗ್ಗಿ ನೋಡಿದರು. ಆಮೇಲೆ ಇಳಿದೇ ಬಂದರು.

"ಸರ್ಟಿಫಿಕೇಟಲ್ಲಿ ತಳಿಯ ಫೋಟೋ ಇದೆಯಲ್ಲ, ತೆಗೀರಿ ನೋಡೋಣ" ಎಂದರು. ಫೋಟೋದ ನಾಯಿಗೆ ನೆಟ್ಟಗೆ ನಿಂತ ಕಿವಿ, ಕುದುರೆಯಂಥ ಕಾಲು. ಮೇಷ್ಟ್ರು ಫೋಟೋವನ್ನು ಮರಿಯ ಪಕ್ಕಕ್ಕೆ ಹಿಡಿದರು. "ಕಿವಿ ಪಾಸು. ಕಾಲು ಫೇಲು. ಇದು ಸ್ಟೂಲಿನ ಮೇಲೆ ನಿಂತ್ರೂ ಆ ಎತ್ತರ ಬರಲ್ಲ ಕಣ್ರೀ. ನಿಮಗೆ ಟೋಪಿ ಹಾಕಿದ್ದಾರೆ."

"ಅದರ ಕಾಲಿಂದ ನಮಗೇನು ತೊಂದರೆ ಆಗಿದೆ?" ಎಂದು ಒಳಗಿನಿಂದ ಹೆಂಡತಿ ಕೇಳಿದಳು. ಅವಳ ಮಾತು ಕೇಳಬೇಕಾಗಿತ್ತು. ಆದರೆ ಗುಮಾಸ್ತನ ಕಣ್ಣ ಮುಂದೆ ಇಡೀ ಕಚೇರಿ ಸಾಹೇಬರ ಸೋಫಾದಲ್ಲಿ ಸಾಲಾಗಿ ಕೂತಿತ್ತು. ತಕ್ಕಡಿಯ ಕೂದಲೆಳೆ ಮೋಸವನ್ನೂ ಹಿಡಿಯುವ ಮಂದಿ ಅವರು. ಟೊಳ್ಳು ತೂಕದ ಬಟ್ಟು ಇಟ್ಟುಕೊಂಡು ಸಿಕ್ಕಿಬಿದ್ದ ಅಂಗಡಿಯವರನ್ನು ಕಂಡು ಅವನೂ ಅವರ ಜೊತೆ ಸೇರಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನೇ. ಮರಿಯ ಮೈ ಸರಿಯಾಗಿ ಒರೆಸದೆ, ಬೆಲ್ಟು ಹಿಡಿದು ಹೊರಟ.

ಅಖಿಲ ಪ್ರಪಂಚದ ಮಂಡಳಿ ಒಂದು ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ಅಧ್ಯಕ್ಷ, ಕಾರ್ಯದರ್ಶಿ, ತಳಿ ತಜ್ಞ ಎಲ್ಲ ಒಬ್ಬನೇ.

"ಕಾಲು ಗಿಡ್ಡ ಅಂತಾರೆ ಜನ" ಎಂದ ಗುಮಾಸ್ತ.

"ಗಿಡ್ಡಾನೇ" ಎಂದು ಅಧ್ಯಕ್ಷ ಒಪ್ಪಿಕೊಂಡ. "ಆದ್ರೆ ಪತ್ರ ಶುದ್ಧವಾಗಿದೆ ಸ್ವಾಮಿ. ನಾಯಿ ಪತ್ರಕ್ಕೆ ತಕ್ಕ ಹಾಗೆ ಬೆಳೀದಿದ್ರೆ ಮಂಡಳಿ ಏನ್ ಮಾಡುತ್ತೆ?"

"ಇವತ್ತು ಸಂಜೆ ನಾಲ್ಕು ಜನರ ಮುಂದೆ ನಿಲ್ಲಿಸ್ಬೇಕಪ್ಪ. ನನ್ನ ಮಾನದ ಪ್ರಶ್ನೆ."

ಅಧ್ಯಕ್ಷ ಹಿತ್ತಲಿಗೆ ಹೋಗಿ ಒಂದು ಎತ್ತರದ ನಾಯಿ ಹಿಡಿದು ತಂದ. ಕಾಲೇನೋ ಉದ್ದವೇ. ಆದರೆ ಕಿವಿಗಳು ಒದ್ದೆ ಕಾಲುಚೀಲದಂತೆ ಜೋಲು ಬಿದ್ದಿದ್ದವು.

"ಬೆಳಿಗ್ಗೆ ತಾನೇ ಬಂದಿದ್ದು. ದೊಡ್ಡ ಮನೇಲಿ ಬೆಳೆದಿದೆ. ಪತ್ರ ನಿಮ್ಮದೇ ಇರ್ಲಿ, ನಾಯಿ ಮಾತ್ರ ಬದಲಾಯಿಸ್ಕೊಳ್ಳಿ."

"ಕಿವಿ?"

"ಕಿವಿ ಯಾರು ನೋಡ್ತಾರೆ? ಈ ತಳಿಗೆ ಕಾಲೇ ಮುಖ್ಯ."

"ನಾಳೆ ಬಂದು ನಮ್ಮದನ್ನ ವಾಪಸ್ ತಗೋಬಹುದಾ?"

"ಅದು ನಾಳೆವರೆಗೂ ಇಲ್ಲಿರಲ್ಲ. ಮಧ್ಯಾಹ್ನ ಒಬ್ಬರು ಬರ್ತಾರೆ. ಯೋಚ್ನೆ ಮಾಡಿ ಹೇಳಿ."

ಗುಮಾಸ್ತ ಯೋಚನೆ ಮಾಡಿದ. ಮಾಡಿದ್ದೆಲ್ಲ ಮಾನದ ಯೋಚನೆ. ಮರಿ, ಇದು ಸೂಜಿ ಹಾಕಿಸುವ ಜಾಗವಿರಬೇಕೆಂದು ಹೆದರಿ ಅವನ ಚಪ್ಪಲಿಯ ಮೇಲೆ ಗದ್ದ ಊರಿ ಕೂತಿತ್ತು. ಅವನು ಮೆಲ್ಲನೆ ಕಾಲು ಹಿಂದೆಳೆದುಕೊಂಡ. ಎತ್ತರದ ನಾಯಿಯ ಬೆಲ್ಟು ಹಿಡಿದು ಬೀದಿಗೆ ಬಂದು ಹತ್ತು ಹೆಜ್ಜೆ ಹಾಕಿದವನು ನಿಂತು ಹಿಂದೆ ತಿರುಗಿ ನೋಡಿದ. ತಿರುಗಿ ಹೋಗಲು ಆಗಲೂ ಹೊತ್ತಿತ್ತು. ಹೋಗಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಮುಖ ತೋರಿಸುವ ಧೈರ್ಯವೂ ಇಲ್ಲದೆ, ಆ ಅಪರಿಚಿತ ನಾಯಿಯೊಂದಿಗೆ ಸಂಜೆಯವರೆಗೂ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದ.

ಸಾಹೇಬರ ಮನೆಯ ಹಾಲಿನಲ್ಲಿ ಕಚೇರಿಯೆಲ್ಲ ನೆರೆದಿತ್ತು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟು. ಸಾಹೇಬರು ಒಳಗಿದ್ದರು. ಅವರ ಹೆಂಡತಿ ಚಹಾ ತಂದವರು, ಗುಮಾಸ್ತನ ಕೈಲಿದ್ದ ನಾಯಿಯನ್ನು ಕಂಡು ಬಾಗಿಲಲ್ಲೇ ನಿಂತರು.

"ನೋಡಿ, ಬಂದ ನಮ್ಮ ಡ್ಯೂಕ್" ಎನ್ನುತ್ತ ಸಾಹೇಬರು ಒಳಗಿನಿಂದ ತಮ್ಮ ನಾಯಿಯನ್ನು ಕರೆತಂದರು.

ಅದು ಮರಿ.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಯಿತು. ಮರಿ ಬೆಲ್ಟು ಕಿತ್ತುಕೊಂಡು ಬಂದು ಗುಮಾಸ್ತನ ಮಡಿಲಿಗೆ ಹಾರಿ ಅವನ ಕನ್ನಡಕ ನೆಕ್ಕಿತು. ಎತ್ತರದ ನಾಯಿ ಸೀದಾ ಹೋಗಿ ಸಾಹೇಬರ ಎದೆಯ ಮೇಲೆ ಎರಡೂ ಮುಂಗಾಲು ಇಟ್ಟು ಕುಂಯ್‌ಗುಟ್ಟಿತು.

"ಇದೇನ್ ಸರ್" ಎಂದಳು ಟೈಪಿಸ್ಟ್. "ನಿಮ್ಮ ನಾಯಿ ಅವರ ಹತ್ರ, ಅವರ ನಾಯಿ ನಿಮ್ಮ ಹತ್ರ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಶುದ್ಧ ತಳಿ ಲಕ್ಷಣ ಅದೇ ಅಮ್ಮ. ಮನುಷ್ಯರಲ್ಲಿ ಭೇದ ಮಾಡಲ್ಲ."

ಎಲ್ಲರೂ ಹೌದು ಹೌದು ಎಂದರು. ಕ್ಯಾಷಿಯರ್ ಮಾತ್ರ ಸುಮ್ಮನಿರುವ ಜಾತಿಯವನಲ್ಲ. "ಆದ್ರೆ ಸರ್, ಎರಡೂ ಒಂದೇ ತಳಿ ಅಂದ್ರಲ್ಲ, ಒಂದರ ಕಾಲು ಗಿಡ್ಡ ಇದೆಯಲ್ಲ?"

"ಕಾಲು ಯಾರು ನೋಡ್ತಾರೆ ರೀ? ಈ ತಳಿಗೆ ಕಿವೀನೇ ಮುಖ್ಯ."

"ನನಗೆ ಕಾಲೇ ಮುಖ್ಯ ಅಂತ ಹೇಳಿದ್ರು ಸರ್" ಎಂದ ಗುಮಾಸ್ತ, ಮೆಲ್ಲಗೆ.

ಸಾಹೇಬರು ಅವನನ್ನು ನೋಡಿದರು. ಅವನು ಸಾಹೇಬರನ್ನು ನೋಡಿದ. ಆ ಕೋಣೆಯಲ್ಲಿ ಅವರಿಬ್ಬರನ್ನೂ ಸಾಹೇಬರ ಹೆಂಡತಿಯನ್ನೂ ಬಿಟ್ಟು ಮತ್ತಾರಿಗೂ ಏನೂ ತಿಳಿಯಲಿಲ್ಲ. ಆಕೆ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು, ಇಬ್ಬರೂ ಅವರವರ ನಾಯಿಯನ್ನು ಅಪ್ಪಿಕೊಂಡು ನಕ್ಕುಬಿಡಬಹುದಿತ್ತು. ಆದರೆ ಕ್ಯಾಷಿಯರ್ ಬಿಸ್ಕತ್ತು ಕಡಿಯುತ್ತ ಕಾಲು, ಕಿವಿ ಎರಡನ್ನೂ ನೋಡುತ್ತಲೇ ಇದ್ದ.

ಎಲ್ಲರೂ ಎದ್ದರು. ಗುಮಾಸ್ತ ತನ್ನ ಕೈಯಾರೆ ಮರಿಯನ್ನು ಬಿಡಿಸಿ ಸಾಹೇಬರಿಗೆ ಕೊಟ್ಟ. ಸಾಹೇಬರು ಅದನ್ನು ಒಳಗೆ ಕೂಡಿ, ಎತ್ತರದ ನಾಯಿಯ ಬೆಲ್ಟು ಹಿಡಿದು ಗೇಟಿನವರೆಗೂ ಬಂದರು. ಉಳಿದವರು ಮುಂದೆ ಹೋಗುವುದನ್ನೇ ಕಾದು, ಬೆಲ್ಟನ್ನು ಅವನ ಕೈಗೆ ಇಟ್ಟರು.

"ಈ ತಳಿಗೆ ಗುಡುಗು ಅಂದ್ರೆ ಭಯ ರೀ" ಎಂದರು ರಸ್ತೆಯನ್ನು ನೋಡುತ್ತ. "ಪಕ್ಕದಲ್ಲಿ ಕೂತು ಏನಾದ್ರೂ ಮಾತಾಡ್ತಾ ಇರಿ. ದನಿ ಕೇಳಿದ್ರೆ ಸಾಕು ಅದಕ್ಕೆ."

"ಸರಿ ಸರ್. ಆ ತಳಿ ಒಂಟಿಯಾಗಿ ಊಟ ಮಾಡಲ್ಲ ಸರ್. ಎದುರಿಗೆ ಯಾರಾದ್ರೂ ಇರ್ಬೇಕು."

"ಕೂರ್ತೀನಿ."

"ಮರಿ ಅಂದ್ರೆ ಓಗೊಡುತ್ತೆ."

ಸಾಹೇಬರು ಎತ್ತರದ ನಾಯಿಯ ಜೋಲು ಕಿವಿ ಸವರಿದರು. "ಡ್ಯೂಕ್ ಅಂತೆಲ್ಲ ಸುಮ್ನೆ ರೀ. ಮನೇಲಿ ನಾವು ಕಂದ ಅಂತಿದ್ವಿ."

ಸಾಹೇಬರು ಒಳಗೆ ಹೋದರು. ಗುಮಾಸ್ತ ಗೇಟು ಹಾಕಿಕೊಂಡ. ನಾಯಿ ನಾಲ್ಕೂ ಕಾಲು ಊರಿ ನಿಂತಿತು, ಎಳೆದರೂ ಬರಲಿಲ್ಲ. ಒಳಗೆ ಮರಿ ಬಾಗಿಲು ಕೆರೆಯುತ್ತ ಊಳಿಡುತ್ತಿತ್ತು. "ಬಾ ಕಂದ" ಎಂದ ಗುಮಾಸ್ತ. ಆಗ ಒಳಗಿನಿಂದ ಸಾಹೇಬರ ದನಿ ಕೇಳಿಸಿತು. "ಮರೀ, ಊಟ ಮಾಡು ಬಾ. ಎದುರಿಗೇ ಕೂತಿದ್ದೀನಿ ನೋಡು." ಊಳು ನಿಂತಿತು. ಊಳನ್ನು ತಡೆದುಕೊಂಡಿದ್ದವನಿಗೆ, ಅದು ನಿಂತದ್ದನ್ನು ತಡೆದುಕೊಳ್ಳಲಾಗಲಿಲ್ಲ.